ಕಣ್ಣಕ್ಕ ಎರಡು ಸಲ ಕಂಡ ಆಕಾಶ

ಕಣ್ಣಕ್ಕನಿಗೆ ಆ ಹೆಸರು ಬಂದದ್ದು ಬಟ್ಟೆ ಗಿರಣಿಯಲ್ಲಿ. ನೇಯ್ದು ಬಂದ ಬಟ್ಟೆಯನ್ನು ಅಲ್ಲಿ ಒಂದು ದೊಡ್ಡ ಗಾಜಿನ ಮೇಜಿನ ಮೇಲೆ ಹಾಯಿಸುತ್ತಿದ್ದರು. ಗಾಜಿನ ಕೆಳಗೆ ದೀಪ ಉರಿಯುತ್ತಿತ್ತು, ಮೇಲೆ ಬಟ್ಟೆ ನೀರು ಹರಿದ ಹಾಗೆ ಹರಿಯುತ್ತಿತ್ತು. ಎಳೆ ತಪ್ಪಿದ್ದು, ಗಂಟು ಬಿದ್ದದ್ದು, ಎಣ್ಣೆಯ ಕಲೆ ಕೂತದ್ದು ಕಣ್ಣಿಗೆ ಬಿದ್ದ ಕೂಡಲೇ ಅಂಚಿಗೆ ಒಂದು ಕೆಂಪು ನೂಲು ಕಟ್ಟಬೇಕು. ಅದೇ ಅವಳ ಕೆಲಸ. ಮದುವೆಯಾದ ವರ್ಷ ಆ ಮೇಜಿನ ಮುಂದೆ ನಿಂತವಳು ಮಗಳು ಹುಟ್ಟಿ, ಗಂಡ ತೀರಿಕೊಂಡು, ಮಗಳ ಮದುವೆಯೂ ಆಗಿ, ಗಿರಣಿಗೆ ಬೀಗ ಬೀಳುವ ತನಕ ಅಲ್ಲೇ ನಿಂತಿದ್ದಳು. "ಇವಳ ಕಣ್ಣು ತಪ್ಪಿಸಿ ಇರುವೆ ಕೂಡ ಬಟ್ಟೆ ದಾಟಲ್ಲ" ಎಂದು ಮೇಸ್ತ್ರಿ ಹೇಳುತ್ತಿದ್ದ. ಜೊತೆಯವರು ಕಣ್ಣಕ್ಕ ಎಂದರು. ಆ ಹೆಸರು ಗಿರಣಿಯಿಂದ ಬೀದಿಗೆ ಬಂತು, ಬೀದಿಯಿಂದ ಮನೆಗೆ ಬಂತು. ಕೊನೆಗೆ ಅಳಿಯ ಕೂಡ ಅತ್ತೆ ಎನ್ನುವುದನ್ನು ಬಿಟ್ಟು ಕಣ್ಣಕ್ಕ ಎಂದೇ ಕರೆಯತೊಡಗಿದ.

ಗಿರಣಿ ಮುಚ್ಚಿದ ಮೇಲೆ ಅವಳು ಮನೆಯಲ್ಲೇ ಹರಿದ ಬಟ್ಟೆಗೆ ಹೊಲಿಗೆ ಹಾಕಿಕೊಡುತ್ತಿದ್ದಳು. ಅದೇ ಬೀದಿಯಲ್ಲಿ ಬಾಡಿಗೆಗಿದ್ದ ಗಡ್ಡಪ್ಪ ಮೊಣಕಾಲು ಹರಿದ ಪ್ಯಾಂಟು ಹಿಡಿದುಕೊಂಡು ಬರುತ್ತಿದ್ದ. ಗಡ್ಡಪ್ಪನಿಗೆ ಮೂವತ್ತು ದಾಟಿರಲಿಲ್ಲ, ಗಡ್ಡಕ್ಕೆ ಮಾತ್ರ ಅರವತ್ತಾಗಿತ್ತು. ಟೈರಿಗೆ ತೇಪೆ ಹಾಕುವ ಅಂಗಡಿಯ ಮೇಲಿನ ಕೋಣೆಗಳಲ್ಲಿ ಅವನೂ ಅವನ ಜೊತೆಯ ಕೆಲವರೂ ಕೂತು ಕಂಪ್ಯೂಟರಿನ ಆಟ ತಯಾರಿಸುತ್ತಿದ್ದರು.

ಒಂದು ದಿನ ಅವನು ಪ್ಯಾಂಟು ಕೈಗೆ ತೆಗೆದುಕೊಂಡವನು ಹಾಗೇ ನಿಂತ. "ಕಣ್ಣಕ್ಕ, ನಿಮಗೆ ಕಂಪ್ಯೂಟರಲ್ಲಿ ಆಟ ಆಡೋಕೆ ಬರುತ್ತಾ?"

"ನನಗೆ ಗೋಲಿ ಆಡೋಕೂ ಬರಲ್ಲ ಕಣಪ್ಪ."

"ಸರಿ ಹೋಯ್ತು! ನನಗೆ ಅಂಥವರೇ ಬೇಕು. ತಪ್ಪು ನೋಡಿ ಹೇಳ್ರೋ ಅಂತ ಕೂರಿಸಿದ್ರೆ ಹುಡುಗರೆಲ್ಲ ಆಡ್ತಾ ಕೂರ್ತಾರೆ. ನನ್ನ ಸಂಬಳ ತಗೊಂಡು ಅವರು ಸಾಮ್ರಾಜ್ಯ ಕಟ್ಟಿ ಮನೆಗೆ ಹೋಗ್ತಾರೆ."

ಹೀಗೆ ಕಣ್ಣಕ್ಕ ಬೆಳಗಿನ ಹೊತ್ತು ಆ ಕೋಣೆಗಳಿಗೆ ಹೋಗತೊಡಗಿದಳು. ಅವರ ಆಟ ನಡೆಯುವುದು ಆಕಾಶದಲ್ಲಿ. ಆಡುವ ಪ್ರತಿಯೊಬ್ಬನಿಗೂ ಒಂದು ಮನೆ-ನಕ್ಷತ್ರ ಕೊಟ್ಟಿರುತ್ತದೆ. ಅದರ ಸುತ್ತ ಗ್ರಹಗಳು, ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಗೆರೆ ಎಳೆದ ದಾರಿಗಳು. ಆ ದಾರಿಯಲ್ಲಿ ಹಡಗು ಕಳಿಸಬೇಕು, ಖಾಲಿ ಗ್ರಹದಲ್ಲಿ ಜನ ಇಳಿಸಬೇಕು, ಪಕ್ಕದವನು ಬರುವ ಮುಂಚೆ ಇಕ್ಕಟ್ಟಿನ ದಾರಿ ಹಿಡಿದು ಕೂರಬೇಕು. ಯುದ್ಧ, ಸಂಧಿ, ಮೋಸ, ಎಲ್ಲ ಉಂಟು. ಆದರೆ ಕಣ್ಣಕ್ಕನಿಗೆ ಅದೆಲ್ಲ ಬೇಕಿರಲಿಲ್ಲ. ಅವಳ ಕೆಲಸ ಆಟ ಶುರುವಾಗುವುದಕ್ಕೆ ಮುಂಚಿನದು.

"ಇಷ್ಟೊಂದು ಆಕಾಶ ಯಾರು ಬರೀತಾರೆ?" ಎಂದು ಮೊದಲ ದಿನ ಅವಳು ಕೇಳಿದ್ದಳು.

"ಯಾರೂ ಬರೆಯಲ್ಲ. ಗುಂಡಿ ಒತ್ತಿದ್ರೆ ಯಂತ್ರ ತಾನೇ ನಕ್ಷತ್ರ ಚೆಲ್ಲುತ್ತೆ. ಪ್ರತಿ ಸಲವೂ ಹೊಸದು."

"ಚೆಲ್ಲೋದು ಅಂದ್ಮೇಲೆ ಹೊರಗೂ ಬೀಳುತ್ತೆ."

"ಅದಕ್ಕೇ ನಿಮ್ಮನ್ನ ಕರೆದಿದ್ದು."

ದಾರಿಯೇ ಇಲ್ಲದೆ ಉಳಿದ ನಕ್ಷತ್ರ, ಒಂದರ ಮೇಲೊಂದು ಬಿದ್ದ ನಕ್ಷತ್ರಗಳು, ಕಾಲಿಡಲು ಒಂದು ಗ್ರಹವೂ ಇಲ್ಲದ ಮನೆ-ನಕ್ಷತ್ರ, ಇವು ತಪ್ಪುಗಳು. ನೋಡಬೇಕು, ತಪ್ಪಿದ್ದರೆ ಪಕ್ಕಕ್ಕೆ ಇಡಬೇಕು, ಇಲ್ಲದಿದ್ದರೆ 'ಸರಿ' ಒತ್ತಿ ಮುಂದಿನ ಆಕಾಶ ತರಿಸಬೇಕು. ಪಕ್ಕಕ್ಕೆ ಇಟ್ಟದ್ದನ್ನು ಗಡ್ಡಪ್ಪ ಬಿಡುವಾದಾಗ ಒಟ್ಟಿಗೆ ನೋಡುತ್ತಿದ್ದ. ಮೊದಲ ದಿನ ಕಣ್ಣಕ್ಕ ಒಂದು ಆಕಾಶವನ್ನೂ ಬಿಡಲಿಲ್ಲ. ಎಲ್ಲವನ್ನೂ ಪಕ್ಕಕ್ಕೆ ಇಟ್ಟಳು.

"ಏನ್ ಕಣ್ಣಕ್ಕ, ಒಂದೂ ಪಾಸಾಗಲಿಲ್ವಾ?"

"ಹೇಗಪ್ಪ ಪಾಸು ಮಾಡ್ಲಿ? ಒಂದು ಕಡೆ ಒತ್ತೊತ್ತು, ಒಂದು ಕಡೆ ಜಾಳುಜಾಳು. ಇಂಥ ಬಟ್ಟೆ ಬಿಟ್ಟಿದ್ರೆ ನಮ್ಮ ಮೇಸ್ತ್ರಿ ನನ್ನನ್ನೇ ಮಡಚಿ ಮೂಲೆಗಿಡ್ತಿದ್ದ."

ಗಡ್ಡಪ್ಪ ನಕ್ಕು ನಕ್ಕು ಕುರ್ಚಿಯಿಂದ ಜಾರಿದ. ಒತ್ತು ಜಾಳು ಇರಬೇಕು, ಅದಿಲ್ಲದಿದ್ದರೆ ಆಟವೇ ಇಲ್ಲ, ಒಬ್ಬನಿಗೆ ಇಕ್ಕಟ್ಟು ಒಬ್ಬನಿಗೆ ಬಯಲು ಸಿಕ್ಕಿದರೇ ಬುದ್ಧಿ ಓಡುವುದು ಎಂದು ಬಿಡಿಸಿ ಹೇಳಿದ. ಕಣ್ಣಕ್ಕನಿಗೆ ಅದು ಒಗ್ಗಲು ಹೊತ್ತು ಹಿಡಿಯಿತು. ಒಗ್ಗಿದ ಮೇಲೆ ಹಿತವಾಯಿತು. ಬದುಕಿನುದ್ದಕ್ಕೂ ನಯವಾದದ್ದನ್ನೇ ಹುಡುಕಿದ ಕಣ್ಣಿಗೆ ಒರಟು ಒರಟಾದ ಆಕಾಶಗಳು ಒಂದಾದ ಮೇಲೊಂದು ಬರುತ್ತಿದ್ದವು. ಒಂದು ಕೈಯಿಂದ ಎರಚಿದ ಅಕ್ಕಿಯ ಹಾಗೆ, ಇನ್ನೊಂದು ಹರಿದ ಬಲೆಯ ಹಾಗೆ, ಮತ್ತೊಂದು ಉಗುರಿನಿಂದ ಕೆರೆದ ಗೋಡೆಯ ಹಾಗೆ. ಎಷ್ಟು ಬಂದರೂ ಮುಗಿಯುವುದಿಲ್ಲ, ಯಾವುದೂ ಇನ್ನೊಂದರ ಹಾಗಿಲ್ಲ ಎನ್ನುವುದೇ ಅವಳಿಗೆ ದೊಡ್ಡ ಬೆರಗು.

ಗಿರಣಿಯ ಒಂದು ಅಭ್ಯಾಸ ಮಾತ್ರ ಅವಳನ್ನು ಬಿಟ್ಟಿರಲಿಲ್ಲ. ಸೈರನ್ ಕೂಗದೆ ಅವಳ ಕೈ ಕೆಲಸಕ್ಕೆ ಏಳುತ್ತಿರಲಿಲ್ಲ, ಕೂಗಿದ ಮೇಲೆ ಸುಮ್ಮನೆ ಕೂರುತ್ತಲೂ ಇರಲಿಲ್ಲ. ಟೈರಿನ ಅಂಗಡಿಯ ಎದುರಿಗೆ ಒಂದು ಬಾಟಲಿ ಕಾರ್ಖಾನೆ. ಕಣ್ಣಕ್ಕ ಬೇಗ ಬಂದು, ಕುರ್ಚಿ ಒರೆಸಿ, ಕನ್ನಡಕ ಒರೆಸಿ, ಕೈಯನ್ನು ಮೌಸಿನ ಮೇಲೆ ಇಟ್ಟುಕೊಂಡು ಕೂರುತ್ತಿದ್ದಳು. ಕಾರ್ಖಾನೆಯ ಸೈರನ್ ಕೂಗಿದ ಕೂಡಲೇ ಟಕ್ ಟಕ್ ಎಂದು ಕುಟ್ಟಿ ಆಟ ತೆರೆಯುತ್ತಿದ್ದಳು. ತೆರೆದೊಡನೆ ಮೊದಲ ಆಕಾಶ ತಾನಾಗಿ ಬರುತ್ತಿತ್ತು. ಮಧ್ಯಾಹ್ನದ ಸೈರನ್ನಿಗೆ ಮುಚ್ಚಿ ಏಳುತ್ತಿದ್ದಳು. ಆಫೀಸಿನ ಉಳಿದವರು ಕಾಫಿ ಕುಡಿದು, ಹರಟೆ ಹೊಡೆದು, ಮನಸ್ಸು ಬಂದಾಗ ಕೂರುವ ಪೈಕಿ. "ಕಣ್ಣಕ್ಕ, ಆ ಕಾರ್ಖಾನೆಯವರು ನಿಮಗೂ ಸಂಬಳ ಕೊಡ್ತಾರಾ?" ಎಂದು ರೇಗಿಸುತ್ತಿದ್ದರು.

ಹೀಗಿರುವಾಗ ಗಡ್ಡಪ್ಪ ಆಟವನ್ನು ತಿದ್ದಿ ಬರೆದ. "ಹೊಸದು ಹಾಕಿದ್ದೀನಿ ಕಣ್ಣಕ್ಕ, ಹಳೇದಕ್ಕಿಂತ ಚುರುಕು" ಎಂದ. ಸೈರನ್ನಿಗೆ ತೆರೆದರೆ ಚುರುಕಾಗಿಯೇ ಇತ್ತು.

ಅದರ ಮಾರನೆಯ ಬೆಳಿಗ್ಗೆ ಸೈರನ್ ಕೂಗಿತು, ಕಣ್ಣಕ್ಕ ಆಟ ತೆರೆದಳು. ಮೂಲೆಯಲ್ಲಿ ದಪ್ಪನೆಯ ಒಂದು ಕೆಂಪು ನಕ್ಷತ್ರ, ಕೋಳಿಯ ಹಿಂದೆ ಮರಿಗಳ ಹಾಗೆ ಅದರ ಹಿಂದೆ ಸಣ್ಣವು ಸಾಲಾಗಿ, ಆಮೇಲೆ ಏನೂ ಇಲ್ಲದ ಬಯಲು, ಬಯಲಿನಾಚೆ ಮುನಿಸಿಕೊಂಡು ಎದ್ದು ಹೋದವನ ಹಾಗೆ ಒಂಟಿ ನೀಲಿ ನಕ್ಷತ್ರ. ದಾರಿಗಳೆಲ್ಲ ಸರಿಯಿದ್ದವು. 'ಸರಿ' ಒತ್ತಲು ಹೋದ ಬೆರಳು ನಿಂತಿತು.

ಇದನ್ನು ನಿನ್ನೆ ನೋಡಿದ್ದೇನಲ್ಲ?

"ಗಡ್ಡಪ್ಪ, ಒಂದೇ ಆಕಾಶ ಎರಡು ಸಲ ಬರುತ್ತಾ?"

ಅವನು ತನ್ನ ಪರದೆಯಿಂದ ತಲೆ ಎತ್ತಲಿಲ್ಲ. "ಬರಲ್ಲ ಕಣ್ಣಕ್ಕ. ಸಮುದ್ರದ ದಡದಲ್ಲಿ ಒಂದು ಮರಳಿನ ಕಾಳು ಎತ್ತಿ ಎಸೆದು, ನಾಳೆ ಹೋಗಿ ಕಣ್ಣು ಮುಚ್ಚಿ ಅದೇ ಕಾಳನ್ನ ಮತ್ತೆ ಎತ್ತಿದ ಹಾಗೆ. ನಮ್ಮ ಮೊಮ್ಮಕ್ಕಳ ಕಾಲಕ್ಕೂ ಬರಲ್ಲ. ಯಾಕೆ?"

"ಏನಿಲ್ಲ, ಸುಮ್ಮನೆ ಕೇಳಿದೆ."

ಅವಳು 'ಸರಿ' ಒತ್ತಿದಳು. ಮುಂದಿನದರಲ್ಲಿ ಎರಡು ಹಳದಿ ನಕ್ಷತ್ರಗಳು ಕಿವಿಯಲ್ಲಿ ಗುಟ್ಟು ಹೇಳಿಕೊಳ್ಳುವ ಹಾಗೆ ಅಂಟಿಕೊಂಡಿದ್ದವು. ಅದೂ ಗುರುತಿನದೇ. ಈಗ ಸರಪಳಿಯ ಹಾಗೆ ಉದ್ದಕ್ಕೆ ಬರುತ್ತದೆ ಎಂದು ಅವಳಿಗೆ ಅನ್ನಿಸಿತು. ಒತ್ತಿದಳು, ಉದ್ದಕ್ಕೇ ಬಂತು. ಅಥವಾ ಬಂದ ಮೇಲೆ, ಮೊದಲೇ ಅನ್ನಿಸಿತ್ತು ಎಂದು ಅನ್ನಿಸಿತೋ? ಅದು ತಿಳಿಯಲಿಲ್ಲ. ಮತ್ತೆ ಕೆಲವು ಆಕಾಶ ಕಳೆದ ಮೇಲೆ ಯಾವುದು ಕಂಡದ್ದು ಯಾವುದು ಕಾಣದ್ದು ಎಂಬುದೇ ಕಲಸಿ ಹೋಯಿತು.

ಕಣ್ಣಕ್ಕನ ದೊಡ್ಡಕ್ಕನಿಗೆ ಶುರುವಾದದ್ದು ಹೀಗೆಯೇ. ಮರೆವು ಎಂದರೆ ಜನ ಹೆಸರು ಮರೆಯುವುದು, ದಾರಿ ತಪ್ಪುವುದು ಎಂದುಕೊಳ್ಳುತ್ತಾರೆ. ದೊಡ್ಡಕ್ಕ ಮೊದಲಿಗೆ ಏನನ್ನೂ ಮರೆಯಲಿಲ್ಲ. ಆಗದೇ ಇದ್ದದ್ದೂ ಅವಳಿಗೆ ಆಗಿಹೋದಂತೆ ಕಾಣತೊಡಗಿತು. ಮೊದಲ ಸಲ ಮನೆಗೆ ಬಂದವರನ್ನು, "ನಿನ್ನೆಯೂ ಬಂದಿದ್ರಲ್ಲ, ಇದೇ ಅಂಗಿ ಹಾಕಿ ಇದೇ ಕುರ್ಚಿಲಿ ಕೂತಿದ್ರಿ" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಆಮೇಲೆ ಒಂದು ದಿನ ಪಕ್ಕದ ಮನೆಯ ಕೂಸಿಗೆ ಸ್ನಾನ ಮಾಡಿಸಲು ಹೋದಳು. ಕುದಿಯುವ ನೀರಿಗೆ ತಣ್ಣೀರು ಬೆರೆಸಿಯಾಗಿದೆ ಎಂದೇ ಅವಳ ನಂಬಿಕೆ. ಕೂಸಿನ ಹಿಮ್ಮಡಿ ನೀರಿಗೆ ತಾಗಿ ಅದು ಚೀರಿದಾಗ ಕಣ್ಣಕ್ಕ ಓಡಿ ಬಂದು ಎತ್ತಿಕೊಂಡಿದ್ದಳು. ಹಿಮ್ಮಡಿಯ ಗಾಯ ಮಾಯಿತು. ದೊಡ್ಡಕ್ಕ ಮಾತ್ರ ಒದ್ದೆಯಾಗಿದ್ದ ಚೊಂಬನ್ನು ಎತ್ತಿ ತೋರಿಸಿ, "ನೋಡು, ಬೆರೆಸಿದ್ದೀನಿ, ಚೊಂಬು ಒದ್ದೆ ಇದೆ" ಎಂದು ಕೊನೆಯ ತನಕ ಸಾಧಿಸಿದಳು. ಆ ಮುಖ ಕಣ್ಣಕ್ಕನ ಕಣ್ಣಿನಿಂದ ಹೋಗಿರಲಿಲ್ಲ.

ಆ ಸಂಜೆಯೇ ಮಗಳು ಬಂದಳು. ಮಗಳು ಊರಿನ ಬಸ್ಸು ಓಡಿಸುವವಳು. ಅಳಿಯ ಸರಕಿನ ಲಾರಿಯಲ್ಲಿ ಊರೂರು ತಿರುಗುವವನು, ಮನೆಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಹೆರಿಗೆಯ ರಜೆ ಮುಗಿಯುತ್ತ ಬಂದಿತ್ತು. ಹಲ್ಲು ಬರುತ್ತಿದ್ದ ಹೆಣ್ಣು ಕೂಸನ್ನು ಸೊಂಟದಲ್ಲಿ ಇಟ್ಟುಕೊಂಡು ಬಂದವಳು ಕುರ್ಚಿಗೆ ಕೂರುವ ಮುಂಚೆಯೇ ಹೇಳಿದಳು:

"ಅಮ್ಮ, ಸಂಜೆ ಪಾಳಿ ಕೊಟ್ಟಿದ್ದಾರೆ. ಬರೋ ಸೋಮವಾರದಿಂದ. ನೀನು ಬೆಳಿಗ್ಗೆ ಆಕಾಶ ನೋಡ್ಕೋ, ಸಂಜೆ ಇವಳನ್ನ ನೋಡ್ಕೋ. ಎಷ್ಟು ಸರಿಯಾಗಿ ಹೊಂದಿಕೊಂಡು ಬಂತು ನೋಡು!"

ಹಿಂದಿನ ವಾರ ಕೇಳಿದ್ದರೆ ಕಣ್ಣಕ್ಕ ಕೂಸನ್ನು ಅಲ್ಲೇ ಕಿತ್ತುಕೊಳ್ಳುತ್ತಿದ್ದಳು. ಈಗ ಅವಳ ಬಾಯಲ್ಲಿ ಬಂದದ್ದು, "ನನ್ನ ಕೈಲಾಗಲ್ಲ ಕಣೇ" ಎಂಬ ಮಾತು.

"ಯಾಕೆ?"

"ಸೊಂಟ ನೋವು."

"ನೆನ್ನೆ ಅಕ್ಕಿ ಮೂಟೆ ಎಳೀತಿದ್ದೆ."

"ಅದಕ್ಕೇ ನೋವು."

ಮಗಳು ಕಣ್ಣು ಕಿರಿದು ಮಾಡಿ ನೋಡಿದಳು. "ಅಮ್ಮ, ಸುಳ್ಳು ಹೇಳೋಕೂ ಕಲಿತಿರಬೇಕು. ನಿನಗೆ ನನ್ನ ಮಗು ಬೇಡ್ವಾ? ಯಾರದ್ದೋ ಕಂಪ್ಯೂಟರಲ್ಲಿ ಚುಕ್ಕಿ ಎಣಿಸೋಕೆ ಸೊಂಟ ಇದೆ, ಸ್ವಂತ ಮೊಮ್ಮಗಳಿಗೆ ಇಲ್ಲ?"

"ಹಾಗಲ್ಲ ಕಣೇ..."

"ಇನ್ನು ಹೇಗೆ? ನಾನು ಪಾಳಿಗೆ ಬರಲ್ಲ ಅಂದ್ರೆ ಬಸ್ಸು ಇನ್ನೊಬ್ಬರ ಕೈಗೆ ಹೋಗುತ್ತೆ. ಬಸ್ಸು ಸಿಗೋಕೆ ನಾನು ಎಷ್ಟು ಒದ್ದಾಡಿದ್ದೀನಿ ಅಂತ ನಿನಗೆ ಗೊತ್ತಿಲ್ವಾ? ಶನಿವಾರ ಸಂಜೆ ಒಳಗೆ ನಾನು ಡಿಪೋದವರಿಗೆ ಉತ್ತರ ಹೇಳ್ಬೇಕು."

ಕೂಸು ಅಜ್ಜಿಯ ಕಡೆಗೆ ಕೈ ಚಾಚಿತು. ಕಣ್ಣಕ್ಕ ಎತ್ತಿಕೊಳ್ಳಲಿಲ್ಲ. ಮಗಳು ಅದನ್ನು ನೋಡಿದಳು, ಕೂಸನ್ನು ಇನ್ನೊಂದು ಸೊಂಟಕ್ಕೆ ಹಾಕಿಕೊಂಡು ಮೆಟ್ಟಿಲಿಳಿದು ಹೋದಳು. ಬೈದು ಹೋಗಿದ್ದರೆ ಎಷ್ಟೋ ವಾಸಿಯಿತ್ತು.

ಕಣ್ಣಕ್ಕ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಂಡಳು. ಅಡುಗೆಮನೆಯ ಡಬ್ಬಿಗಳಲ್ಲಿ ಯಾವುದರಲ್ಲಿ ಏನಿದೆ ಎಂದು ಕಣ್ಣು ಮುಚ್ಚಿ ಹೇಳಿದಳು, ತೆರೆದು ನೋಡಿದಳು, ಎಲ್ಲ ಸರಿ. ಗಿರಣಿಯಲ್ಲಿ ತನ್ನ ಸಾಲಿನಲ್ಲಿ ನಿಲ್ಲುತ್ತಿದ್ದ ಹೆಂಗಸರನ್ನೆಲ್ಲ ಬಾಗಿಲಿನಿಂದ ಕಿಟಕಿಯ ತನಕ ನೆನೆಸಿಕೊಂಡಳು, ಅದೂ ಸರಿ. ಸಮಾಧಾನವಾಗಲಿಲ್ಲ. ದೊಡ್ಡಕ್ಕನೂ ಡಬ್ಬಿ ತಪ್ಪುತ್ತಿರಲಿಲ್ಲ. ಬೆಳಗಾದರೆ ಮತ್ತೆ ಸೈರನ್, ಮತ್ತೆ ಅದೇ ಕೋಳಿ, ಅದೇ ಮರಿಗಳು, ಅದೇ ಮುನಿದ ನೀಲಿ. ಗಡ್ಡಪ್ಪನನ್ನು ಮತ್ತೆ ಕೇಳಲು ನಾಲಿಗೆ ಏಳಲಿಲ್ಲ. ಬರುವುದಿಲ್ಲ ಎಂದು ಅವನು ಹೇಳಿಯಾಗಿತ್ತು. ಆಟ ಬರೆದವನೇ ಬರುವುದಿಲ್ಲ ಎಂದ ಮೇಲೂ ತನಗೆ ಕಾಣುತ್ತಿದೆ ಎಂದರೆ ಕೆಟ್ಟಿರುವುದು ಏನು?

ಕೊನೆಗೆ ಅವಳು ತನಗೆ ಬರುವ ಕೆಲಸವನ್ನೇ ನೆಚ್ಚಿಕೊಂಡಳು. ಮನೆಯಿಂದ ತೆಳು ಮಲ್ಮಲ್ಲಿನ ಒಂದು ತುಂಡು ತಂದಳು. ಸೈರನ್ನಿಗೆ ಮೊದಲ ಆಕಾಶ ಬಂದ ಕೂಡಲೇ ಬಟ್ಟೆಯನ್ನು ಪರದೆಯ ಮೇಲೆ ಇಳಿಬಿಟ್ಟು ಒಗೆದ ಬಟ್ಟೆಗೆ ಹಾಕುವ ಕ್ಲಿಪ್ಪು ಸಿಕ್ಕಿಸಿದಳು. ನಕ್ಷತ್ರಗಳು ಬಟ್ಟೆಯ ಆಚೆಯಿಂದ ಮಿನುಗಿದವು. ಒಂದೊಂದು ನಕ್ಷತ್ರಕ್ಕೂ ಸೂಜಿಯಿಂದ ಕೆಂಪು ನೂಲಿನ ಒಂದು ಸಣ್ಣ ಹೊಲಿಗೆ.

"ಅದೇನು ಕಣ್ಣಕ್ಕ, ಕಂಪ್ಯೂಟರಿಗೆ ಮುಸುಕು?" ಎಂದು ಪಕ್ಕದ ಕುರ್ಚಿಯವಳು ಕೇಳಿದಳು. ಅವಳು ಆಟದ ಹಡಗುಗಳ ಚಿತ್ರ ಬಿಡಿಸುವ ಹುಡುಗಿ.

"ಬೆಳಕು ಕಣ್ಣಿಗೆ ಹೊಡೀತಿದೆ ಕಣಮ್ಮ."

ಮಾರನೆಯ ಬೆಳಿಗ್ಗೆ ಬಟ್ಟೆಯನ್ನು ಅದೇ ಅಂಚಿಗೆ ಹಿಡಿದು ಇಳಿಬಿಟ್ಟಳು. ಒಂದು ಹೊಲಿಗೆಯೂ ತಪ್ಪಲಿಲ್ಲ. ಪ್ರತಿ ಕೆಂಪು ಚುಕ್ಕಿಯ ಹಿಂದೆ ಒಂದು ನಕ್ಷತ್ರ ಕೂತಿತ್ತು.

ಬೇರೆ ಯಾರಾದರೂ ಆಗಿದ್ದರೆ ಕುಣಿಯುತ್ತಿದ್ದರೇನೋ. ಕಣ್ಣಕ್ಕ ಆ ಬಟ್ಟೆ ನೋಡಿದಾಗ ನೆನಪಾದದ್ದು ಒದ್ದೆ ಚೊಂಬು. ಹೊಂದುತ್ತಿದೆ ಎಂದು ಕಾಣುತ್ತಿರುವುದೂ ತನಗೇ ತಾನೆ? ಇನ್ನೊಬ್ಬರ ಕಣ್ಣು ಬೇಕು. ಇನ್ನೊಬ್ಬರು ನೋಡಿ, "ಎಲ್ಲಿ ಹೊಂದುತ್ತೆ ಕಣ್ಣಕ್ಕ?" ಎಂದುಬಿಟ್ಟರೆ ಅಲ್ಲಿಗೆ ಮುಗಿಯಿತು. ತೋರಿಸದಿದ್ದರೆ ಸಂಶಯ, ತೋರಿಸಿದರೆ ತೀರ್ಪು. ಶುಕ್ರವಾರ ಮಧ್ಯಾಹ್ನದ ತನಕ ಅವಳು ಆ ಬಟ್ಟೆಯನ್ನು ಚೀಲದೊಳಗೆ ಮಡಚುವುದು, ತೆಗೆಯುವುದು, ಮತ್ತೆ ಮಡಚುವುದು ಇದೇ ಮಾಡಿದಳು. ಏಳುವ ಹೊತ್ತಿಗೆ ಧೈರ್ಯ ಮಾಡಿದಳು.

"ಗಡ್ಡಪ್ಪ, ನಾಳೆ ಬೆಳಿಗ್ಗೆ ಸೈರನ್ನಿಗೆ ಮುಂಚೆ ಬರ್ತೀಯಾ? ನಿನಗೆ ಒಂದು ತೋರಿಸ್ಬೇಕು."

"ಸೈರನ್ನಿಗೆ ಮುಂಚೆನಾ! ಆ ಹೊತ್ತಿಗೆ ನನ್ನ ಗಡ್ಡ ಕೂಡ ಎದ್ದಿರಲ್ಲ. ಸರಿ, ನಿಮಗೋಸ್ಕರ ಬರ್ತೀನಿ."

ಶನಿವಾರ ಅವನು ಬರಲಿಲ್ಲ. ಸೈರನ್ ಕೂಗಿತು, ಕಣ್ಣಕ್ಕನ ಬೆರಳು ಮೇಲೆದ್ದಿತು, ಅವಳು ಇನ್ನೊಂದು ಕೈಯಿಂದ ಅದನ್ನು ಹಿಡಿದು ಮಡಿಲಲ್ಲಿ ಇಟ್ಟುಕೊಂಡಳು. ಅವನ ಕಣ್ಣೆದುರಿಗೇ ತೆರೆಯಬೇಕು. ಬಾಟಲಿ ಕಾರ್ಖಾನೆಯ ಬಾಗಿಲು ತೆರೆಯಿತು, ಜನ ಒಳಗೆ ಹೋದರು, ಬಾಗಿಲು ಮುಚ್ಚಿತು. ಆಮೇಲೆ ಗಡ್ಡಪ್ಪ ಸೈಕಲ್ ತಳ್ಳಿಕೊಂಡು ಬಂದ. "ಪಂಕ್ಚರ್! ಟೈರಿನ ಅಂಗಡಿ ಮೇಲೆ ಆಫೀಸು ಇಟ್ಕೊಂಡು ದಾರೀಲಿ ಪಂಕ್ಚರ್! ಹೂಂ, ತೋರಿಸಿ."

ಅವಳು ಬಟ್ಟೆಯನ್ನು ಇಳಿಬಿಟ್ಟು ಕ್ಲಿಪ್ಪು ಹಾಕಿದಳು. "ಈಗ ನೋಡು. ಈ ಹೊಲಿಗೆ ಇರೋ ಕಡೆಯೆಲ್ಲ ನಕ್ಷತ್ರ ಬರುತ್ತೆ." ಆಟ ತೆರೆದಳು.

ನಕ್ಷತ್ರಗಳು ಬಂದವು. ಯಾವ ಹೊಲಿಗೆಯ ಹಿಂದೆಯೂ ಬರಲಿಲ್ಲ. ಕೋಳಿಯಿಲ್ಲ, ಮರಿಯಿಲ್ಲ, ಬಯಲಾಗಿರಬೇಕಾದ ಕಡೆ ತಿರುಗಣಿಯ ಹಾಗೆ ಒಂದು ಗುಂಪು. ಕೆಂಪು ಚುಕ್ಕಿಗಳು ಬರೀ ಕತ್ತಲೆಯ ಮೇಲೆ ಕೂತಿದ್ದವು.

ಕಣ್ಣಕ್ಕ ಬಟ್ಟೆಯನ್ನು ಒಂದು ಸಲ ಸರಿಸಿದಳು, ಮತ್ತೊಂದು ಸಲ ಸರಿಸಿದಳು. ಆಮೇಲೆ ಬಿಟ್ಟುಬಿಟ್ಟಳು.

"ದಿನಾ ಇದೇ ಬರ್ತಿತ್ತು," ಎಂದಳು. "ದಿನಾ ಬೆಳಿಗ್ಗೆ ಒಂದೇ ಆಕಾಶ."

ಗಡ್ಡಪ್ಪ ಬಟ್ಟೆ ನೋಡಿದ, ಪರದೆ ನೋಡಿದ, ಅವಳ ಮುಖ ನೋಡಿದ. ಅವನ ದನಿ ಮೆತ್ತಗಾಯಿತು. "ಕೂತ್ಕೊಳ್ಳಿ ಕಣ್ಣಕ್ಕ. ಕಾಫಿ ತರ್ತೀನಿ. ದಿನಾ ಚುಕ್ಕಿ ನೋಡ್ತಿದ್ರೆ ಯಾರಿಗಾದ್ರೂ ಹಾಗಾಗುತ್ತೆ. ನನಗೂ ಆಗುತ್ತೆ."

ಆ ಮೆತ್ತನೆಯ ದನಿ ಕಣ್ಣಕ್ಕನಿಗೆ ಗೊತ್ತಿತ್ತು. ದೊಡ್ಡಕ್ಕನ ಹತ್ತಿರ ಎಲ್ಲರೂ ಕೊನೆಗೆ ಅದೇ ದನಿಯಲ್ಲಿ ಮಾತಾಡುತ್ತಿದ್ದರು, ಅವಳೂ ಸೇರಿ. ಅವಳು ಸೂಜಿಯನ್ನೂ ನೂಲನ್ನೂ ಚೀಲಕ್ಕೆ ಹಾಕಿಕೊಂಡಳು. ಸೆರಗಿನಿಂದ ಮೇಜು ಒರೆಸಿದಳು.

"ನನ್ನ ಲೆಕ್ಕ ಮುಗೀತು ಬಿಡಪ್ಪ. ಬೇರೆಯವರನ್ನ ನೋಡ್ಕೋ."

"ಏನ್ ಕಣ್ಣಕ್ಕ, ಇಷ್ಟಕ್ಕೆಲ್ಲ..."

"ಇಷ್ಟಕ್ಕೆಲ್ಲ ಅಲ್ಲ." ಅವಳಿಗೆ ಅಳು ಬರುವ ಬದಲು ಸಿಟ್ಟು ಬಂತು. ಯಾರ ಮೇಲಾದರೂ ಹಾಕಬೇಕಿತ್ತು, ಎದುರಿಗೆ ಇದ್ದವನು ಇವನು. "ಹೇಳಿದ ಹೊತ್ತಿಗೆ ಬರೋಕೆ ಏನಾಗಿತ್ತು ನಿನಗೆ? ಸೈರನ್ ಕೂಗಿ ಎಷ್ಟು ಹೊತ್ತಾಯ್ತು! ದಿನಾ ಸೈರನ್ ಬಿದ್ದ ಕೂಡಲೇ ತೆರೆಯೋ ಕೈನ ಇವತ್ತು ಹಿಡಿದು ಮಡಿಲಲ್ಲಿ ಇಟ್ಕೊಂಡು ನಿನ್ನ ದಾರಿ ಕಾಯ್ತಾ ಕೂತಿದ್ದೀನಿ, ಮೊದಲ ರಾತ್ರಿ ಹೆಣ್ಣಿನ ಹಾಗೆ!"

ಕಾಫಿ ತರಲು ಹೊರಟವನು ಬಾಗಿಲಲ್ಲೇ ನಿಂತ. "ಏನಂದ್ರಿ?"

"ಏನಂದೆ? ಬೈದೆ."

"ಅದಲ್ಲ. ದಿನಾ ಸೈರನ್ ಬಿದ್ದ ಕೂಡಲೇ ತೆರೀತೀರಾ? ಪ್ರತಿ ದಿನ? ಸೈರನ್ನಿಗೇ?"

"ಇನ್ಯಾವಾಗ ತೆರೀಲಿ? ನಿಮ್ಮ ಹಾಗೆ ಕಾಫಿ ಆರಿದ ಮೇಲಾ?"

ಗಡ್ಡಪ್ಪ ಗಡ್ಡವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಬಾಯಲ್ಲಿ ಏನೋ ಗೊಣಗಿದ. ಬಂದು ಅವಳ ಕುರ್ಚಿಯ ಪಕ್ಕ ಮಂಡಿಯೂರಿ ಕೂತು, ಆಟ ಮುಚ್ಚಿದ, ಕಂಪ್ಯೂಟರಿನ ಗಡಿಯಾರವನ್ನು ಸೈರನ್ ಕೂಗುವ ಹೊತ್ತಿಗೆ ಹಿಂದಕ್ಕೆ ತಿರುಗಿಸಿದ, ಬಟ್ಟೆಯ ಅಂಚು ಸರಿ ಮಾಡಿದ. "ಈಗ ತೆರೀರಿ ಕಣ್ಣಕ್ಕ."

"ನೀನೇ ತೆರಿ. ನನಗೆ ಬೇಡ."

ಅವನೇ ತೆರೆದ.

ದಪ್ಪ ಕೆಂಪು. ಹಿಂದೆ ಮರಿಗಳ ಸಾಲು. ಬಯಲು. ಬಯಲಿನಾಚೆ ನೀಲಿ. ಪ್ರತಿ ಹೊಲಿಗೆಯ ಹಿಂದೆ ಒಂದೊಂದು ಬೆಳಕು ಹತ್ತಿ ಕೂತಿತ್ತು.

"ನಿನಗೂ ಕಾಣ್ತಿದೆಯಾ?" ಎಂದು ಕಣ್ಣಕ್ಕ ಪಿಸುಗುಟ್ಟಿದಳು.

"ಕಾಣ್ತಿದೆ."

"ಹೊಂದಿದೆಯಾ?"

"ಕೂದಲೆಳೆ ತಪ್ಪಿಲ್ಲ. ಅಯ್ಯೋ ಕಣ್ಣಕ್ಕ, ನನ್ನ ಬುದ್ಧಿಗಿಷ್ಟು!" ಅವನು ಹಣೆ ಚಚ್ಚಿಕೊಂಡ. "ಯಂತ್ರ ನಕ್ಷತ್ರ ಚೆಲ್ಲೋಕೆ ಮೊದಲು ಒಂದು ಸಂಖ್ಯೆ ಕೇಳುತ್ತೆ. ಬೀಜ ಅಂತೀವಿ. ಅದೇ ಬೀಜ ಹಾಕಿದ್ರೆ ಅದೇ ಗಿಡ, ಅದೇ ಕೊಂಬೆ, ಎಲೆ ಕೂಡ ಅದೇ ಸಾಲಲ್ಲಿ ಬಿಡುತ್ತೆ. ಹಳೇದರಲ್ಲಿ ನಾನು ಬೀಜನ ಎಲ್ಲೆಲ್ಲಿಂದಲೋ ಕಲಸಿ ತರ್ತಿದ್ದೆ. ಹೊಸದು ಬರೆಯುವಾಗ, ಸದ್ಯಕ್ಕೆ ಇರಲಿ ಅಂತ, ಆಟ ತೆರೆದ ಹೊತ್ತಿನ ಗಂಟೆ ನಿಮಿಷನೇ ಬೀಜ ಮಾಡಿದೆ. ಆಮೇಲೆ ಬದಲಾಯಿಸೋಣ ಅಂತ..."

"ಮರೆತೆ."

"ಮರೆತೆ."

"ನೀನು ಮರೆತೆ."

"ನಾನೇ ಮರೆತೆ ಕಣ್ಣಕ್ಕ! ನಾವೆಲ್ಲ ಬೇಕಾದಾಗ ತೆರೀತೀವಿ, ಒಂದೇ ನಿಮಿಷ ಇನ್ನೊಂದು ದಿನ ಸಿಗೋದೇ ಇಲ್ಲ. ಸೈರನ್ನಿಗೆ ತೆರೆಯೋರು ಈ ಆಫೀಸಲ್ಲಿ ನೀವೊಬ್ಬರೇ. ನಿಮಗೆ ದಿನಾ ಒಂದೇ ಬೀಜ ಬಿತ್ತಿದ್ದೀನಿ."

ಕಣ್ಣಕ್ಕ ಪರದೆಯ ಕಡೆ ಬೆರಳು ತೋರಿಸಿದಳು. "ಹಾಗಾದ್ರೆ ಒತ್ತು. ಈಗ ಎರಡು ಹಳದಿ ಬರ್ತವೆ, ಗುಟ್ಟು ಹೇಳ್ಕೊಳ್ತಾ."

ಒತ್ತಿದ. ಬಂದವು.

"ಈಗ ಉದ್ದಕ್ಕೆ ಸರಪಳಿ."

ಬಂತು. ಚಿತ್ರ ಬಿಡಿಸುವ ಹುಡುಗಿ ಅಷ್ಟು ಹೊತ್ತಿಗೆ ಬಂದವಳು ಚೀಲವನ್ನೂ ಇಳಿಸದೆ ಹಿಂದೆ ನಿಂತಿದ್ದಳು. "ಇದೇನು, ಕಣ್ಣಕ್ಕ ಭವಿಷ್ಯ ಹೇಳ್ತಿದ್ದಾರಾ?"

"ಸುಮ್ಮನಿರೇ! ಮುಂದಿನದು ಅಡ್ಡಕ್ಕೆ ಸೀಳಿದ ಕುಂಬಳಕಾಯಿ. ಒಳಗೆ ಬೀಜದ ಹಾಗೆ ಬಿಳೀವು." ಕುಂಬಳಕಾಯಿ ಬಂತು. "ಇನ್ನು ಮುರಿದ ಬಾಚಣಿಗೆ." ಬಾಚಣಿಗೆ ಬಂತು. ಪ್ರತಿಯೊಂದು ಬಂದಾಗಲೂ ಕಣ್ಣಕ್ಕನ ಬೆನ್ನು ಒಂದಿಷ್ಟು ನೆಟ್ಟಗಾಗುತ್ತಿತ್ತು. ಆರನೆಯದೋ ಏಳನೆಯದೋ ತಪ್ಪಿತು, ಅವಳು ಹೇಳಿದ್ದೇ ಒಂದು, ಬಂದದ್ದೇ ಒಂದು. ಅದಕ್ಕೂ ಅವಳು ಬಿದ್ದು ಬಿದ್ದು ನಕ್ಕಳು. ನೆನಪಿರದಿದ್ದದ್ದು ನೆನಪಿಲ್ಲ, ಅಷ್ಟೇ, ಎಲ್ಲರ ಹಾಗೆ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಮೂಗಿನಲ್ಲೂ ಬಂತು. ಕೈಗೆ ಸಿಕ್ಕಿದ ಬಟ್ಟೆಯಲ್ಲಿ ಒರೆಸಿಕೊಂಡಳು. ನೋಡಿದರೆ ಅದು ಆಕಾಶ ಹೊಲಿದಿದ್ದ ಮಲ್ಮಲ್ಲು.

"ಸಮುದ್ರದ ಮರಳು ಅಂದೆ," ಎಂದು ಗಡ್ಡಪ್ಪನಿಗೆ ಹೇಳಿದಳು, "ಕೊನೆಗೆ ಒಂದು ಬೊಗಸೇನೂ ಕೊಡಲಿಲ್ಲ ನೀನು. ಈಗ ತಾ ಕಾಫಿ. ಸಕ್ಕರೆ ಜಾಸ್ತಿ ಹಾಕು. ಮತ್ತೆ ಇನ್ನೊಂದು ಸಲ ಹೇಳು."

"ಏನು?"

"ಮರೆತೋನು ಯಾರು ಅಂತ."

ದೊಡ್ಡಕ್ಕನಿಗೆ ಬಂದದ್ದು ತನಗೆ ಎಂದೂ ಬರುವುದಿಲ್ಲ ಎಂದು ಕಣ್ಣಕ್ಕ ಅಂದುಕೊಳ್ಳಲಿಲ್ಲ. ನಾಳಿನದನ್ನು ಕಂಡವರು ಯಾರು? ಆದರೆ ಅದು ಬಂದಿಲ್ಲ. ಬೆನ್ನ ಮೇಲೆ ಕೂತಿದ್ದ ಮೂಟೆಯನ್ನು ಯಾರೋ ಹಿಂದಿನಿಂದ ಎತ್ತಿ ಇಳಿಸಿದ ಹಾಗಿತ್ತು. ಮಧ್ಯಾಹ್ನದ ಸೈರನ್ನಿಗೆ ಎದ್ದವಳು ತನ್ನ ಮನೆಯ ತಿರುವು ಬಿಟ್ಟು ಮಗಳ ಮನೆಯ ಕಡೆ ನಡೆದಳು. ನಡೆದಳು ಎನ್ನುವುದಕ್ಕಿಂತ ಓಡಿದಳು. ಮಗಳು ಉತ್ತರ ಹೇಳಲು ಡಿಪೋಗೆ ಹೊರಟುಬಿಟ್ಟಿದ್ದರೆ?

ಮಗಳು ಬೀದಿ ಬಾಗಿಲಲ್ಲೇ ಸಿಕ್ಕಿದಳು. ಕೂಸಿಗೆ ಟೋಪಿ ಹಾಕಿ, ತಾನು ಚಪ್ಪಲಿ ಮೆಟ್ಟುತ್ತಿದ್ದಳು. ತಾಯಿಯನ್ನು ಕಂಡು ಮುಖ ಬಿಗಿಯಿತು. "ಸೊಂಟ ನೋವಿನವರು ಇಷ್ಟು ದೂರ ಓಡಿ ಬರಬಾರದು."

"ಡಿಪೋದಲ್ಲಿ ಏನು ಹೇಳ್ತೀಯಾ?"

"ಬಸ್ಸು ಬೇರೆಯವರಿಗೆ ಕೊಡಿ ಅಂತೀನಿ. ಇನ್ನೇನು ಹೇಳ್ಲಿ?"

"ಸೋಮವಾರ ಬರ್ತೀನಿ ಅಂತ ಹೇಳು. ಮಗೂನ ಇಲ್ಲಿ ಕೊಡು."

ಕೊಡುವ ತನಕ ಕಾಯಲಿಲ್ಲ, ಕಣ್ಣಕ್ಕನೇ ಕಿತ್ತುಕೊಂಡಳು. ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುತ್ತ ಎಲ್ಲವನ್ನೂ ಹೇಳಿದಳು. ಕೋಳಿ, ಮರಿ, ಸೈರನ್, ಗಡ್ಡಪ್ಪ, ದೊಡ್ಡಕ್ಕನ ಚೊಂಬು, ಎಲ್ಲ. ಮಗಳು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು ನಿಂತು ಕೇಳಿದಳು. ಮುಗಿದ ಮೇಲೆ ಆ ಚಪ್ಪಲಿಯನ್ನೇ ತಾಯಿಯ ಮುಂದೆ ಅಲ್ಲಾಡಿಸಿದಳು.

"ಇದರಲ್ಲಿ ಹೊಡೀಬೇಕು ನಿನಗೆ! ಇಷ್ಟು ದಿನ ಒಬ್ಬಳೇ ಹೆದರಿಕೊಂಡು ಕೂತಿದ್ಯಾ? ನಾನು ಏನೇನು ಅಂದ್ಕೊಂಡೆ ಗೊತ್ತಾ? ನನ್ನ ಹತ್ತಿರ ಬಾಯಿ ಬಿಡೋಕೆ ಏನಾಗಿತ್ತು?"

"ಬಾಯಿ ಬಿಟ್ರೆ ನೀನೂ ಮೆತ್ತಗೆ ಮಾತಾಡ್ತಿದ್ದೆ."

"ನಾನು? ಮೆತ್ತಗೆ?"

"ಅದೂ ನಿಜವೇ ಬಿಡು," ಎಂದಳು ಕಣ್ಣಕ್ಕ.

ಮಗಳು ನಕ್ಕಳು. ನಗುವಿನ ನಡುವೆ ಎಲ್ಲೋ ಬಿಕ್ಕಿದಳು ಕೂಡ, ಅದನ್ನು ಮುಚ್ಚಿಕೊಳ್ಳಲು ಬಗ್ಗಿ ಇನ್ನೊಂದು ಚಪ್ಪಲಿ ಹಾಕಿಕೊಂಡಳು.

ಸೋಮವಾರ ಸಂಜೆ ಅವಳು ಖಾಕಿ ಅಂಗಿ ಹಾಕಿಕೊಂಡು ಕೂಸನ್ನು ಅಜ್ಜಿಯ ಮನೆಗೆ ತಂದಳು. ಬಾಟಲಿ ಎಲ್ಲಿದೆ, ಒಣ ಬಟ್ಟೆ ಎಲ್ಲಿದೆ ಎಂದು ಹೇಳಿದಳು. ಬಾಗಿಲ ತನಕ ಹೋದವಳು ತಿರುಗಿ ಬಂದು ಕೂಸಿನ ಕೆನ್ನೆ ಮೂಸಿದಳು, ಮತ್ತೆ ಹೊರಟಳು. ಮೆಟ್ಟಿಲಲ್ಲಿ ಅವಳ ಬೂಟಿನ ಸದ್ದು ಇಳಿದು ಹೋದದ್ದೇ ತಡ, ಕೂಸಿಗೆ ಅಮ್ಮ ಹೋದದ್ದು ಅರ್ಥವಾಯಿತು. ಒಂದು ಕ್ಷಣ ಬಾಯಿ ಚೌಕ ಮಾಡಿಕೊಂಡು ಉಸಿರು ಎಳೆಯಿತು, ಆಮೇಲೆ ಇಡೀ ಕಟ್ಟಡ ಅದುರುವ ಹಾಗೆ ಕಿರುಚಿತು.

ಕಣ್ಣಕ್ಕ ಅದನ್ನು ಹೆಗಲಿಗೆ ಹಾಕಿಕೊಂಡು ಗೋಡೆಯಿಂದ ಕಿಟಕಿಗೆ, ಕಿಟಕಿಯಿಂದ ಗೋಡೆಗೆ ತಿರುಗಿದಳು. ಜೋಗುಳಕ್ಕೆ ಬಗ್ಗಲಿಲ್ಲ, ಚಮಚ ಬಡಿದರೆ ಇನ್ನೂ ಜೋರಾಯಿತು. ಕೂದಲು ಹಿಡಿದು ಜಗ್ಗಿತು, ಕನ್ನಡಕ ಕಿತ್ತು ಬಿಸಾಕಿತು. ಕೆಳಗಿನ ಮನೆಯ ಮುದುಕ ಪೊರಕೆಯ ಹಿಡಿಯಿಂದ ತನ್ನ ಸೂರಿಗೆ ಡಬ್ ಡಬ್ ಎಂದು ಗುದ್ದಿದ. ಕಣ್ಣಕ್ಕ ಕೂಸಿನ ಬೆನ್ನು ತಟ್ಟುತ್ತ, ಕಾಲೆತ್ತಿ ನೆಲಕ್ಕೆ ಎರಡು ಸಲ ಒದ್ದಳು.

"ಗುದ್ದಿಕೋ ಮಾರಾಯ, ಗುದ್ದಿಕೋ! ಇನ್ನು ಮೇಲೆ ದಿನಾ ಸಂಜೆ ಇದೇ!"